ನಿಮ್ಮ ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಅಂಗವಿಕಲರಿಗೂ ಕಲಿಸಿ: ಸೇರಿಸಿಕೊಳ್ಳುವ ದಿನದಿಂದ ಕೆಲಸದ ಮೊದಲ ತಿಂಗಳವರೆಗೆ

ಅಂಗವಿಕಲರಿಗೆ ಕಂಪ್ಯೂಟರ್ ಕಲಿಸಬೇಕು ಅಂದ ಕೂಡಲೇ ಎಲ್ಲರೂ ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಒಳ್ಳೆಯ ಸಂಸ್ಥೆಗಳಿವೆ, ನಿಜ. ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) 1959ರಿಂದ ಕೆಲಸ ಮಾಡುತ್ತಿದೆ. ಮಿತ್ರಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾ ಎಲ್ಲವೂ ವರ್ಷಗಳಿಂದ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚುತ್ತಿವೆ. ಆದರೆ ಸಿಂಧನೂರಿನ ಹುಡುಗಿಯೋ ಹೊಸದುರ್ಗದ ಹುಡುಗನೋ ತಿಂಗಳುಗಟ್ಟಲೆ ಬೆಂಗಳೂರಿನಲ್ಲಿದ್ದು ಕಲಿಯುವುದು ಎಷ್ಟು ಮನೆಗಳಿಗೆ ಸಾಧ್ಯ? ಅದೇ ಊರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಒಂದು ಕಂಪ್ಯೂಟರ್ ಕ್ಲಾಸ್ ಇರುತ್ತದೆ. ಬೇಸಿಕ್, ಟ್ಯಾಲಿ, ಡಿಟಿಪಿ ಎಲ್ಲ ಕಲಿಸುತ್ತಾರೆ. ಕಣ್ಣು ಕಾಣದ ಹುಡುಗಿ ಅಪ್ಪನ ಜೊತೆ ಅಲ್ಲಿಗೆ ಹೋದರೆ ಮಾತ್ರ "ನಮ್ಮಲ್ಲಿ ಅಂಥವರಿಗೆ ಕಲಿಸೋ ವ್ಯವಸ್ಥೆ ಇಲ್ಲ ಸರ್" ಅಂದುಬಿಡುತ್ತಾರೆ.

ಆ ವ್ಯವಸ್ಥೆ ಅಂದರೆ ಏನು, ಅದನ್ನು ತಾಲ್ಲೂಕು ಮಟ್ಟದ ಕ್ಲಾಸಿನಲ್ಲಿ ಹೇಗೆ ಮಾಡುವುದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಲಾಸ್ ನಡೆಸುವವರು, ಅಲ್ಲಿ ಪಾಠ ಮಾಡುವವರು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು ಓದಲಿ ಅನ್ನುವುದು ನನ್ನ ಆಸೆ. ಇವರಿಗಾಗಿ ಸುಲಭದ ಬೇರೆ ಕೋರ್ಸ್ ಮಾಡಬೇಡಿ. ಎಲ್ಲರಿಗೂ ಇರುವ ಕೋರ್ಸೇ ಇರಲಿ, ಪರೀಕ್ಷೆಯೂ ಅದೇ ಇರಲಿ, ಕಲಿಸುವ ದಾರಿಯನ್ನು ಬದಲಾಯಿಸಿ. ಬೇಕಾಗುವ ಸಾಫ್ಟ್‌ವೇರ್ ಬಹುಪಾಲು ಪುಕ್ಕಟೆ ಸಿಗುತ್ತದೆ.

ಯಾರಿದ್ದಾರೆ ಅಂತ ಮೊದಲು ಹುಡುಕಿ

ಬೋರ್ಡ್ ಹಾಕಿ ಕುಳಿತರೆ ಯಾರೂ ಬರುವುದಿಲ್ಲ. ಇಷ್ಟು ವರ್ಷ ಇಲ್ಲ ಅನ್ನಿಸಿಕೊಂಡು ಅಭ್ಯಾಸವಾದವರು ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಕರ್ನಾಟಕದಲ್ಲಿ ಒಂದು ಅನುಕೂಲ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯೂ ಅಂತಲೇ ಕರೆಯುವುದು. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಯಾವ ಊರಿನಲ್ಲಿ ಯಾರಿದ್ದಾರೆ, ಎಷ್ಟು ಓದಿದ್ದಾರೆ ಅನ್ನುವುದು ಇವರಿಗೆ ಗೊತ್ತಿರುತ್ತದೆ. ಇವರಲ್ಲಿ ಎಷ್ಟೋ ಜನ ತಾವೂ ಅಂಗವಿಕಲರೇ. ತಾಲ್ಲೂಕು ಪಂಚಾಯಿತಿ ಕಚೇರಿಗೆ ಹೋಗಿ ಎಂಆರ್‌ಡಬ್ಲ್ಯೂ ಜೊತೆ ಮಾತಾಡಿ, "ಎಸ್‌ಎಸ್‌ಎಲ್‌ಸಿ ಮುಗಿಸಿದವರು, ಪಿಯುಸಿ ಮುಗಿಸಿ ಮನೆಯಲ್ಲಿರುವವರು ಯಾರಿದ್ದಾರೆ" ಅಂತ ಕೇಳಿ.

ಪ್ರಕಟಣೆಯಲ್ಲಿ ಫೋನ್ ನಂಬರ್ ಜೊತೆ "ವಾಟ್ಸಾಪ್ ಮೆಸೇಜ್ ಕಳಿಸಬಹುದು" ಅಂತಲೂ ಹಾಕಿ. ಕಿವಿ ಕೇಳದವರು ಕಾಲ್ ಮಾಡುವುದು ಹೇಗೆ, ಅಲ್ವಾ? ಅದನ್ನು ಬರೀ ಚಿತ್ರವಾಗಿ ಕಳಿಸಬೇಡಿ, ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ. ಚಿತ್ರದೊಳಗಿನ ಅಕ್ಷರ ಕಣ್ಣು ಕಾಣದವರ ಫೋನಿಗೆ ಸರಿಯಾಗಿ ಸಿಗುವುದಿಲ್ಲ.

ಬಂದವರ ಹತ್ತಿರ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆಯಾ ಕೇಳಿ. ಇಲ್ಲದಿದ್ದರೆ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಅಲ್ಲೇ ಕೂತು ಅರ್ಜಿ ಹಾಕಿಕೊಡಿ. ಕೋರ್ಸಿಗೆ ಅದು ಬೇಕಾಗಿಲ್ಲ. ಆದರೆ ಮುಂದೆ ಮೀಸಲಾತಿಗೆ, ಸರ್ಕಾರಿ ಪರೀಕ್ಷೆಯ ಹೆಚ್ಚುವರಿ ಸಮಯಕ್ಕೆ, ರಿಯಾಯಿತಿ ಬಸ್ ಪಾಸಿಗೆ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಈಗ 21 ಬಗೆಯ ಅಂಗವೈಕಲ್ಯಗಳಿವೆ, ಮೊದಲಿನ 1995ರ ಕಾಯ್ದೆಯಲ್ಲಿ ಏಳೇ ಇದ್ದವು. ಕಲಿಕಾ ನ್ಯೂನತೆ, ಆಟಿಸಂ, ಆ್ಯಸಿಡ್ ದಾಳಿಗೆ ಒಳಗಾದವರು, ಪಾರ್ಕಿನ್ಸನ್ಸ್ ಇರುವವರು ಎಲ್ಲರೂ ಇದರಲ್ಲಿ ಬರುತ್ತಾರೆ. ತಾವು ಇದರೊಳಗೆ ಬರುತ್ತೇವೆ ಅಂತ ಅವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಮೊದಲ ಸಲ ಮಾತಾಡುವಾಗ ಕಲಿಯಲು ಬಂದವರ ಜೊತೆಯೇ ಮಾತಾಡಿ. ಜೊತೆಗೆ ಬಂದ ಅಣ್ಣನನ್ನು "ಇವಳಿಗೆ ಎಷ್ಟು ಕಾಣುತ್ತೆ?" ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ. ಅವಳೇ ಎದುರಿಗೆ ಕೂತಿದ್ದಾಳೆ. "ಫೋನ್ ಹೇಗೆ ಬಳಸ್ತೀರಿ? ಯಾವ ಅಳತೆಯ ಅಕ್ಷರ ಓದೋಕೆ ಆಗುತ್ತೆ? ಮುಂದೆ ಏನು ಕೆಲಸ ಮಾಡ್ಬೇಕು ಅಂತಿದೆ?" ಅಂತ ಅವಳನ್ನೇ ಕೇಳಿ. ಕಣ್ಣು ಕಾಣದ ಹುಡುಗರಲ್ಲಿ ಬಹಳ ಜನ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ) ಹಾಕಿಕೊಂಡು ಆಂಡ್ರಾಯ್ಡ್ ಫೋನನ್ನು ಚಕಚಕ ಬಳಸುತ್ತಾರೆ. ಅಷ್ಟು ಬಂದರೆ ಅರ್ಧ ಕಂಪ್ಯೂಟರ್ ಬಂದ ಹಾಗೆಯೇ.

ಜಾಗ

ನಮ್ಮ ಊರುಗಳ ಕಂಪ್ಯೂಟರ್ ಕ್ಲಾಸ್ ಸಾಮಾನ್ಯವಾಗಿ ಮೆಡಿಕಲ್ ಶಾಪಿನ ಮೇಲೆ, ಮೊದಲ ಮಹಡಿಯಲ್ಲಿ, ಕಡಿದಾದ ಮೆಟ್ಟಿಲ ತುದಿಯಲ್ಲಿ ಇರುತ್ತದೆ. ಬಾಡಿಗೆ ಕಡಿಮೆ, ಅದಕ್ಕೇ. ಜಾಗ ಬದಲಿಸುವ ಯೋಚನೆ ಇದ್ದರೆ ನೆಲಮಹಡಿಯನ್ನೇ ನೋಡಿ. ಅದು ಸದ್ಯಕ್ಕೆ ಆಗದು ಅಂದರೆ ಒಂದೆರಡು ಸಿಸ್ಟಮ್‌ಗಳನ್ನು ಕೆಳಗೆ ಎಲ್ಲಾದರೂ ಇಡುವ ದಾರಿ ಹುಡುಕಿ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಬಹಳ ಕಡೆ ಕಂಪ್ಯೂಟರೂ ಇದೆ. ವಾರಕ್ಕೆ ಮೂರು ದಿನ ಅಲ್ಲಿಯೇ ಬ್ಯಾಚ್ ನಡೆಸಬಹುದಾ ಅಂತ ಪಿಡಿಒ ಅವರನ್ನು ಕೇಳಿ ನೋಡಿ. ಯಾರನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತಿಸುವ ಏರ್ಪಾಡು ಮಾತ್ರ ಬೇಡ. ದಿನಾ ಇನ್ನೊಬ್ಬರ ತೋಳಿನಲ್ಲಿ ಬರಬೇಕಾದರೆ ಯಾರೇ ಆದರೂ ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಇಳಿಜಾರಿನ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡು ಮೆಟ್ಟಿಲು ಇದ್ದರೆ ಹೆಚ್ಚುಕಮ್ಮಿ ಅಷ್ಟು ಬೇಕು. ನಾಲ್ಕೇ ಅಡಿಯಲ್ಲಿ ಹಾಕುವ ಇಳಿಜಾರು ಬೈಕ್ ಹತ್ತಿಸುವುದಕ್ಕೆ ಆದೀತು, ಗಾಲಿಕುರ್ಚಿಗೆ ಆಗುವುದಿಲ್ಲ. ಬಾಗಿಲು 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ಅಗಲ ಇರಲಿ. ಮೇಜಿನ ಕೆಳಗೆ ಸಿಪಿಯು, ಡ್ರಾಯರ್ ಇದ್ದರೆ ತೆಗೆದು ಪಕ್ಕಕ್ಕಿಡಿ. ಗಾಲಿಕುರ್ಚಿ ಒಳಗೆ ಹೋಗಬೇಕು, ಮೊಣಕಾಲು ತಾಗಬಾರದು.

ಶೌಚಾಲಯದ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಕಾಲಿನ ತೊಂದರೆ ಇರುವ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯದೆ ಕ್ಲಾಸಿಗೆ ಬರುತ್ತಾರೆ, ಯಾಕೆಂದರೆ ಅಲ್ಲಿ ಕೂರುವಂಥ ಕಮೋಡ್ ಇಲ್ಲ, ಹಿಡಿದುಕೊಳ್ಳಲು ಕಂಬಿ ಇಲ್ಲ. ಕ್ಲಾಸಿಗೆ ಹೊಸ ಕಂಪ್ಯೂಟರ್ ತರುವ ದುಡ್ಡಿದ್ದರೆ ಮೊದಲು ಇದನ್ನು ಸರಿಮಾಡಿಸಿ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ನೀವು ಪಂಚಾಯಿತಿ ಕಟ್ಟಡದಲ್ಲಿ ಕ್ಲಾಸ್ ನಡೆಸುವುದಾದರೆ ಈ ಹಣದ ಬಗ್ಗೆ ಕೇಳುವುದರಲ್ಲಿ ಸಂಕೋಚ ಬೇಡ.

ಸಿಸ್ಟಮ್ ತಯಾರು ಮಾಡಿಕೊಳ್ಳಿ

ವಿಂಡೋಸ್‌ನಲ್ಲೇ ಬಹಳಷ್ಟು ಇದೆ. ವಿಂಡೋಸ್ ಕೀ ಜೊತೆ ಯು ಒತ್ತಿ, ಎಲ್ಲ ಸೌಲಭ್ಯಗಳೂ ಒಂದೇ ಕಡೆ ತೆರೆದುಕೊಳ್ಳುತ್ತವೆ. ಸ್ವಲ್ಪ ಕಾಣುವವರಿಗೆ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಪರದೆ ದೊಡ್ಡದಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇದ್ದರೆ ಕೆಲವರಿಗೆ ಕಣ್ಣಿನ ಆಯಾಸ ಕಡಿಮೆ. ಯಾವುದು ಸರಿಹೋಗುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಅವರೇ ಹಾಕಿ ನೋಡಲಿ.

ಪೂರ್ತಿ ಕಾಣದವರಿಗೆ ಸ್ಕ್ರೀನ್ ರೀಡರ್, ಅಂದರೆ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಬೇಕು. ಎನ್‌ವಿಡಿಎ ಹಾಕಿಕೊಳ್ಳಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು ಇದು. ಅವರಿಗೂ ಕಣ್ಣು ಕಾಣುವುದಿಲ್ಲ. ಜಾಸ್ ಅನ್ನುವ ಇನ್ನೊಂದಿದೆ, ಅದಕ್ಕೆ ದುಡ್ಡು ಕೊಡಬೇಕು, ದೊಡ್ಡ ಕಂಪನಿಗಳಲ್ಲಿ ಅದು ಇರುತ್ತದೆ. ಕಲಿಯುವುದಕ್ಕೆ ಎನ್‌ವಿಡಿಎ ಧಾರಾಳ ಸಾಕು. ಒಂದು ಬಂದರೆ ಇನ್ನೊಂದು ತಾನಾಗೇ ಬರುತ್ತದೆ. ಅದರ ಜೊತೆ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಮೊದಲ ದಿನ ಕೇಳಿದಾಗ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಅನ್ನಿಸುತ್ತದೆ, ಗಾಬರಿ ಬೇಡ. ಒಂದು ವಾರದಲ್ಲಿ ಕಿವಿ ಒಗ್ಗುತ್ತದೆ. ಒಗ್ಗಿದ ಮೇಲೆ ನಮಗೆ ಒಂದು ಪದವೂ ಅರ್ಥವಾಗದಷ್ಟು ವೇಗದಲ್ಲಿ ಕೇಳುತ್ತಾರೆ.

ಹೆಡ್‌ಫೋನ್ ಕೊಡಿ, ಆದರೆ ಒಂದೇ ಕಿವಿಗೆ ಹಾಕಿಕೊಳ್ಳಲು ಹೇಳಿ. ಒಂದು ಕಿವಿಗೆ ಕಂಪ್ಯೂಟರ್, ಇನ್ನೊಂದು ಕಿವಿಗೆ ಮೇಷ್ಟ್ರು.

ಈಗ ನಿಮ್ಮ ಸರದಿ. ಪಾಠ ಮಾಡುವವರು ಮೊದಲು ಒಂದು ವಾರ ದಿನಕ್ಕೆ ಅರ್ಧ ಗಂಟೆ ಮಾನಿಟರ್ ಆಫ್ ಮಾಡಿ, ಮೌಸ್ ಕಿತ್ತಿಟ್ಟು, ಎನ್‌ವಿಡಿಎ ಹಾಕಿಕೊಂಡು ಕೆಲಸ ಮಾಡಿ. ಇದನ್ನು ಬಿಟ್ಟರೆ ಮುಂದಿನದ್ಯಾವುದೂ ಆಗುವುದಿಲ್ಲ. ನೀವು ಕಲಿಸಬೇಕು ಅಂದುಕೊಂಡ ಪ್ರತಿ ಸಾಫ್ಟ್‌ವೇರನ್ನೂ ಹೀಗೇ ಪರೀಕ್ಷಿಸಿ. ಟ್ಯಾಬ್ ಒತ್ತುತ್ತಾ ಹೋದಾಗ ಎಲ್ಲ ಬಟನ್‌ಗಳಿಗೂ ಹೋಗುತ್ತದಾ? ಹೋದಾಗ ಹೆಸರು ಹೇಳುತ್ತದಾ, ಅಥವಾ ಬರೀ "ಬಟನ್" "ಬಟನ್" ಅನ್ನುತ್ತದಾ? ಬರೀ ಬಟನ್ ಅಂದರೆ ಆ ಸಾಫ್ಟ್‌ವೇರ್ ಕಣ್ಣು ಕಾಣದವರಿಗೆ ಆಗಿಬರುವುದಿಲ್ಲ, ಬೇರೆ ಹುಡುಕಿ.

ಕಣ್ಣು ಕಾಣದವರಿಗೆ ಕಲಿಸುವ ಕ್ರಮ

ಮೊದಲ ವಾರ ಪೂರ್ತಿ ಕೀಬೋರ್ಡ್. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಗೆರೆಯಂಥ ಉಬ್ಬು ಇರುತ್ತದೆ, ತೋರುಬೆರಳುಗಳು ಅಲ್ಲಿ ಕೂರಬೇಕು. ಕೈ ಎಲ್ಲಿಗೇ ಹೋದರೂ ವಾಪಸ್ ಅಲ್ಲಿಗೇ ಬರಬೇಕು. ಇನ್ಸರ್ಟ್ ಮತ್ತು 1 ಒಟ್ಟಿಗೆ ಒತ್ತಿದರೆ ಎನ್‌ವಿಡಿಎ ಕಲಿಕೆಯ ಸ್ಥಿತಿಗೆ ಹೋಗುತ್ತದೆ. ಆಗ ಯಾವ ಕೀ ಒತ್ತಿದರೂ ಅದರ ಹೆಸರು ಹೇಳುತ್ತದೆ ಅಷ್ಟೇ, ಕೆಲಸ ಏನೂ ಆಗುವುದಿಲ್ಲ. ಏನಾದರೂ ಕೆಟ್ಟುಹೋದೀತು ಅನ್ನುವ ಭಯವಿಲ್ಲದೆ ಗಂಟೆಗಟ್ಟಲೆ ಆಡಲು ಬಿಡಿ. ಮಾತು ನಿಲ್ಲಿಸಲು ಕಂಟ್ರೋಲ್ ಕೀ ಸಾಕು. ಇದನ್ನು ಮೊದಲ ದಿನವೇ ಹೇಳಿಕೊಡಿ, ಇಲ್ಲದಿದ್ದರೆ ಅದು ಒಂದೇ ಸಮನೆ ಮಾತಾಡಿ ತಲೆ ಚಿಟ್ಟು ಹಿಡಿಸುತ್ತದೆ.

ಎರಡನೇ ವಾರ ನೋಟ್‌ಪ್ಯಾಡ್. ಟೈಪ್ ಮಾಡುವುದು, ಬಾಣದ ಕೀ ಒತ್ತಿ ಒಂದೊಂದು ಅಕ್ಷರ ಕೇಳುವುದು, ಕಂಟ್ರೋಲ್ ಜೊತೆ ಬಾಣದ ಕೀ ಒತ್ತಿ ಒಂದೊಂದು ಪದ ಕೇಳುವುದು, ತಪ್ಪು ಎಲ್ಲಿದೆ ಅಂತ ಕಿವಿಯಲ್ಲೇ ಹಿಡಿಯುವುದು. ಈ ಹಂತದಲ್ಲಿ ಮೇಷ್ಟ್ರ ಮಾತು ಬದಲಾಗಬೇಕು. "ಮೇಲೆ ಎಡಗಡೆ ನೀಲಿ ಬಣ್ಣದ್ದು ಇದೆಯಲ್ಲ, ಅದನ್ನ ಒತ್ತು" ಅಂದರೆ ಆ ಹುಡುಗಿಗೆ ಏನೂ ತಿಳಿಯುವುದಿಲ್ಲ. ಫೈಲ್ ಸೇವ್ ಮಾಡುವುದನ್ನು ಹೇಗೆ ಹೇಳಿಕೊಡಬೇಕು ನೋಡಿ:

"ಕಂಟ್ರೋಲ್ ಎಸ್ ಒತ್ತಮ್ಮ. ಏನಂತು?"
"ಸೇವ್ ಆ್ಯಸ್ ಡೈಲಾಗ್ ಅಂತು ಸರ್. ಆಮೇಲೆ ಫೈಲ್ ನೇಮ್ ಅಂತು."
"ಅಂದ್ರೆ ಹೆಸರು ಕೇಳ್ತಾ ಇದೆ. ಹೆಸರು ಟೈಪ್ ಮಾಡು. ಈಗ ಟ್ಯಾಬ್ ಒತ್ತುತ್ತಾ ಹೋಗು, ಸೇವ್ ಅಂದಾಗ ನಿಲ್ಲಿಸು."
"ಸೇವ್ ಬಟನ್ ಅಂತು ಸರ್."
"ಎಂಟರ್ ಒತ್ತು. ಈಗ ಇನ್ಸರ್ಟ್ ಜೊತೆ ಟಿ ಒತ್ತು."
"ನಾನು ಕೊಟ್ಟ ಹೆಸರೇ ಹೇಳ್ತಿದೆ!"

ಇನ್ಸರ್ಟ್ ಟಿ ಅಂದರೆ ಈಗ ಯಾವ ಕಿಟಕಿಯಲ್ಲಿದ್ದೇವೆ ಅಂತ ಹೇಳುವ ಕೀ. ದಾರಿ ತಪ್ಪಿದಾಗಲೆಲ್ಲ ಮೊದಲು ಒತ್ತಬೇಕಾದದ್ದು ಇದನ್ನೇ. ಹೀಗೆ "ಏನಂತು?" ಅಂತ ಕೇಳುತ್ತಾ ಕೇಳುತ್ತಾ ಕಲಿಸಿದರೆ ನಾಳೆ ನೀವು ಪಕ್ಕದಲ್ಲಿ ಇಲ್ಲದಾಗಲೂ ಅವಳೇ ಕೇಳಿಸಿಕೊಂಡು ದಾರಿ ಹುಡುಕಿಕೊಳ್ಳುತ್ತಾಳೆ. ಅವಳ ಕೈ ಹಿಡಿದು ಕೀ ಒತ್ತಿಸಬೇಡಿ, ಕೀಬೋರ್ಡ್ ಕಿತ್ತುಕೊಂಡು ನೀವೇ ಮಾಡಿ ಮುಗಿಸಬೇಡಿ. ಏನು ಹೇಳುತ್ತಿದೆ ಅಂತ ನಿಮಗೆ ಕೇಳುವುದಿಲ್ಲ, ವೇಗ ಜಾಸ್ತಿ ಅನ್ನಿಸಿದರೆ ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಸ್ಪೀಚ್ ವ್ಯೂವರ್ ಹಾಕಿಕೊಳ್ಳಿ. ಹೇಳಿದ್ದೆಲ್ಲ ಪರದೆಯ ಮೇಲೆ ಅಕ್ಷರದಲ್ಲೂ ಬರುತ್ತದೆ. ಅದು ಇದ್ದರೆ ನಿಮಗೂ ಧೈರ್ಯ.

ಆಮೇಲೆ ವರ್ಡ್, ಎಕ್ಸೆಲ್. ಎಕ್ಸೆಲ್ ಬಗ್ಗೆ ಕಲಿಸುವವರಿಗೇ ಭಯ ಜಾಸ್ತಿ, ಮಕ್ಕಳಿಗೆ ಅಷ್ಟಿಲ್ಲ. ಬಾಣದ ಕೀ ಒತ್ತಿದಾಗ ಆ ಮನೆಯಲ್ಲಿ (ಸೆಲ್‌ನಲ್ಲಿ) ಏನಿದೆ ಅಂತ ಹೇಳಿ, ಬಿ 5 ಅಂತ ಅದರ ವಿಳಾಸವನ್ನೂ ಹೇಳುತ್ತದೆ. ಬ್ರೈಲ್ ಓದಿ ಬೆಳೆದವರಿಗೆ ಸಾಲು, ಕಂಬ (ಕಾಲಮ್) ಮನಸ್ಸಿನಲ್ಲೇ ಮೂಡುತ್ತವೆ. ಬ್ರೈಲ್ ಗೊತ್ತಿಲ್ಲದವರಿಗೆ ಚನ್ನೆಮಣೆ ಕೊಟ್ಟು ಗುಳಿಗಳನ್ನು ಮುಟ್ಟಿಸಿ ಸಾಲು ಯಾವುದು, ಕಂಬ ಯಾವುದು ಅಂತ ತೋರಿಸಿ.

ಬ್ರೌಸರ್‌ಗೆ ಬಂದಾಗ ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ, ಕೆ ಒತ್ತಿದರೆ ಲಿಂಕ್‌ನಿಂದ ಲಿಂಕ್‌ಗೆ, ಎಫ್ ಒತ್ತಿದರೆ ಅರ್ಜಿಯ ಮುಂದಿನ ಖಾಲಿ ಜಾಗಕ್ಕೆ ಹಾರುತ್ತದೆ. ಇನ್ಸರ್ಟ್ ಎಫ್7 ಒತ್ತಿದರೆ ಪುಟದ ಎಲ್ಲ ಲಿಂಕ್‌ಗಳ ಪಟ್ಟಿ ಬರುತ್ತದೆ. ಪಾಠಕ್ಕೆ ನಿಜವಾದ ಪುಟಗಳನ್ನೇ ಕೊಡಿ: ಸೇವಾಸಿಂಧುವಿನಲ್ಲಿ ಅರ್ಜಿ, ರೈಲಿನ ಸಮಯ, ಒಂದು ಉದ್ಯೋಗ ಪ್ರಕಟಣೆ.

ಪ್ರೋಗ್ರಾಮಿಂಗ್ ಬೇಕು ಅನ್ನುವವರಿಗೆ ಇದು ನಿಮಗೆ ಕಷ್ಟ ಅಂತ ನೀವೇ ತೀರ್ಮಾನ ಕೊಡಬೇಡಿ. ಪುಣೆಯಲ್ಲಿ ಬೆಳೆದು, ಬಾಂಬೆ ಐಐಟಿಯಲ್ಲಿ ಓದಿ, ಗೂಗಲ್‌ನಲ್ಲಿ ವಿಜ್ಞಾನಿಯಾದ ಟಿ.ವಿ. ರಾಮನ್ ಅವರಿಗೆ ಹದಿಹರೆಯದಲ್ಲೇ ಕಣ್ಣು ಹೋಗಿತ್ತು. ಪ್ರೋಗ್ರಾಮ್ ಬರೆಯಲು ಬಳಸುವ ವಿಎಸ್ ಕೋಡ್ ಎನ್‌ವಿಡಿಎ ಜೊತೆ ಚೆನ್ನಾಗಿ ಹೊಂದುತ್ತದೆ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ಮುಖ್ಯ ಅಲ್ವಾ, ಅದನ್ನು ಕೇಳಿಸುವ ಆಯ್ಕೆ ಎನ್‌ವಿಡಿಎ ಸೆಟ್ಟಿಂಗ್ಸ್‌ನ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್‌ನಲ್ಲಿದೆ. ಮಾತಿನಲ್ಲೂ ಹೇಳಿಸಬಹುದು, ಬೀಪ್ ಶಬ್ದದಲ್ಲೂ ಕೇಳಿಸಬಹುದು.

ಕನ್ನಡದ ಫೈಲುಗಳ ಸಮಸ್ಯೆ

ಇದು ನಮ್ಮಲ್ಲೇ ಇರುವ ತೊಡಕು, ಹೊರಗಿನ ಯಾವ ಮಾರ್ಗದರ್ಶಿಯಲ್ಲೂ ಸಿಗುವುದಿಲ್ಲ. ನಿಮ್ಮ ಕ್ಲಾಸಿನ ಕನ್ನಡ ನೋಟ್ಸ್ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿರಬಹುದು. ಆ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಅದನ್ನು ಕಣ್ಣಿಗೆ ಕನ್ನಡದ ಹಾಗೆ ತೋರಿಸುತ್ತದೆ ಅಷ್ಟೇ. ಎನ್‌ವಿಡಿಎ ಫಾಂಟ್ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಹಾಗಾಗಿ ತಲೆಬುಡ ಇಲ್ಲದ ಶಬ್ದಗಳು ಬರುತ್ತವೆ, ಪಾಪ ಹೊಸದಾಗಿ ಕಲಿಯುವವರು ತಮ್ಮ ಕಂಪ್ಯೂಟರೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಪರೀಕ್ಷೆ ಹೀಗೆ: ಫೈಲ್ ತೆರೆದು ಎಲ್ಲವನ್ನೂ ಆಯ್ಕೆ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಹಾಗೇ ಉಳಿದರೆ ಅದು ಯೂನಿಕೋಡ್, ಅಂದರೆ ಒಳಗೂ ಕನ್ನಡ ಅಕ್ಷರವೇ ಇದೆ, ಓದಿಸಲು ತೊಂದರೆಯಿಲ್ಲ. ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆದರೆ ಹಳೆಯ ಫಾಂಟ್. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ಒಮ್ಮೆ ಕಣ್ಣಾಡಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಹೀಗೆಯೇ, ಅದು ಬರೀ ಚಿತ್ರ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನೂ ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಹೊಸದಾಗಿ ಏನೇ ಟೈಪ್ ಮಾಡಿದರೂ ಯೂನಿಕೋಡ್‌ನಲ್ಲೇ ಮಾಡಿ.

ಕಿವಿ ಕೇಳದವರ ಬ್ಯಾಚ್

ಒಬ್ಬರನ್ನೇ ಸೇರಿಸಿಕೊಳ್ಳುವ ಬದಲು ಮೂರ್ನಾಲ್ಕು ಜನರನ್ನು ಒಟ್ಟಿಗೆ ಸೇರಿಸಿಕೊಳ್ಳಿ. ಒಬ್ಬರಿಗೆ ಅರ್ಥವಾದದ್ದನ್ನು ಅವರು ಸನ್ನೆಯಲ್ಲಿ ಉಳಿದವರಿಗೆ ಹೇಳುತ್ತಾರೆ, ನಿಮಗಿಂತ ಚೆನ್ನಾಗಿಯೇ ಹೇಳುತ್ತಾರೆ.

ಪಾಠ ಮಾಡುವಾಗ ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ತೋರಿಸುವುದು ಮತ್ತು ವಿವರಿಸುವುದು ಒಟ್ಟಿಗೆ ಬೇಡ, ಯಾಕೆಂದರೆ ಅವರು ನಿಮ್ಮ ಮುಖ ನೋಡಬೇಕಾ, ಪರದೆ ನೋಡಬೇಕಾ? ಮೊದಲು ಪರದೆಯಲ್ಲಿ ಮಾಡಿ ತೋರಿಸಿ, ನಿಲ್ಲಿಸಿ, ಅವರತ್ತ ತಿರುಗಿ ವಿವರಿಸಿ, ಆಮೇಲೆ ಅವರು ಮಾಡಲಿ. ಹುಟ್ಟಿನಿಂದ ಕಿವಿ ಕೇಳದವರಿಗೆ ಬರೆದ ಕನ್ನಡವೂ ಎರಡನೇ ಭಾಷೆಯಿದ್ದ ಹಾಗೆ. ಅವರ ವಾಕ್ಯದಲ್ಲಿ ವಿಭಕ್ತಿ ಬಿಟ್ಟುಹೋದರೆ ಬುದ್ಧಿ ಕಡಿಮೆ ಅಂತ ಅರ್ಥವಲ್ಲ. ಉದ್ದನೆಯ ನೋಟ್ಸ್ ಬದಲು ಪರದೆಯ ಚಿತ್ರಗಳ ಮೇಲೆ 1, 2, 3 ಅಂತ ಗುರುತು ಹಾಕಿ ಕೊಡಿ.

ಸನ್ನೆಭಾಷೆ ಸ್ವಲ್ಪವಾದರೂ ನೀವು ಕಲಿಯಿರಿ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನಲ್ಲಿ 10,000 ಪದಗಳಿವೆ, ಅವುಗಳ ವಿಡಿಯೋ ಪುಕ್ಕಟೆ ನೋಡಬಹುದು. ಸೇವ್, ಡಿಲೀಟ್, ಕಾಪಿ ಮುಂತಾದಕ್ಕೆ ನಿಮ್ಮ ಬ್ಯಾಚಿನವರನ್ನೇ ಸನ್ನೆ ಕೇಳಿ ಕಲಿತುಕೊಳ್ಳಿ. ತುರ್ತಿಗೆ ಫೋನಿನಲ್ಲಿ ಮಾತನ್ನು ಅಕ್ಷರ ಮಾಡುವ ಆ್ಯಪ್ ಇದೆ, ಕನ್ನಡದಲ್ಲಿ ಮಾತಾಡಿದರೂ ಬರೆಯುತ್ತದೆ, ಆದರೆ ಇಡೀ ಪಾಠವನ್ನು ಅದರ ಮೇಲೆ ಬಿಡಬೇಡಿ. ಡಿಪ್ಲೊಮಾ ಮಾಡುವ ಆಸೆ ಇದ್ದವರಿಗೆ ಮೈಸೂರಿನಲ್ಲಿ ಜೆಎಸ್‌ಎಸ್‌ನವರ ಅಂಗವಿಕಲರ ಪಾಲಿಟೆಕ್ನಿಕ್ ಇದೆ, ಅಲ್ಲಿನ ವಿವರ ತರಿಸಿಕೊಡಿ.

ಕೈ ಸ್ವಾಧೀನ ಕಡಿಮೆ ಇದ್ದವರು, ನಿಧಾನವಾಗಿ ಕಲಿಯುವವರು

ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬರುತ್ತದೆ. ಆಗ ಕಂಟ್ರೋಲ್ ಒತ್ತಿ ಬಿಟ್ಟು ಆಮೇಲೆ ಎಸ್ ಒತ್ತಿದರೂ ಆಗುತ್ತದೆ, ಒಂದೇ ಕೈ, ಒಂದೇ ಬೆರಳು ಸಾಕು. ಕೈ ನಡುಗಿ ಒಂದೇ ಅಕ್ಷರ ನಾಲ್ಕು ಸಲ ಬೀಳುತ್ತಿದ್ದರೆ ಫಿಲ್ಟರ್ ಕೀಸ್ ಹಾಕಿ. ಮೌಸ್ ಹಿಡಿಯಲು ಆಗದವರು ಮೌಸ್ ಕೀಸ್ ಹಾಕಿಕೊಂಡು ನಂಬರ್ ಕೀಗಳಿಂದಲೇ ಬಾಣ ಓಡಿಸಬಹುದು. ಒಂದೇ ಕೈಯವರಿಗೆ ಟೈಪಿಂಗ್ ವೇಗದ ಗುರಿ ಬೇರೆ ಇಡಿ, ತಪ್ಪಿಲ್ಲದಿರುವುದಕ್ಕೆ ಜಾಸ್ತಿ ಬೆಲೆ ಕೊಡಿ.

ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವವರಿಗೆ ದಿನಾ ಅದೇ ಜಾಗ, ಅದೇ ಸಿಸ್ಟಮ್, ಅದೇ ಸಮಯ ಕೊಡಿ. ಒಂದು ಸಲಕ್ಕೆ ಒಂದೇ ಹೆಜ್ಜೆ. "ಇದನ್ನ ಸ್ವಲ್ಪ ನೋಡ್ಕೊ" ಅನ್ನುವಂಥ ಮಾತು ಬೇಡ, ಏನು ಮಾಡಬೇಕೋ ಅದನ್ನೇ ಹೇಳಿ. ಕೋರ್ಸ್ ಎರಡು ಪಟ್ಟು ಸಮಯ ತೆಗೆದುಕೊಂಡರೆ ತೆಗೆದುಕೊಳ್ಳಲಿ, ಅದಕ್ಕೆ ಎರಡು ಪಟ್ಟು ಫೀಸ್ ಮಾತ್ರ ಕೇಳಬೇಡಿ.

ಪರೀಕ್ಷೆ

ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತಿದೆ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ನಿಮ್ಮ ಕ್ಲಾಸಿನ ಪರೀಕ್ಷೆಗೂ ಇದನ್ನೇ ಇಟ್ಟುಕೊಳ್ಳಿ. ಬರೆಯಲು ಸಹಾಯಕರು ಬೇಕು ಅಂದವರಿಗೆ ಶೇ 40 ಅಂಗವೈಕಲ್ಯ ಇಲ್ಲ ಅನ್ನುವ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದರೂ ಕಂಪ್ಯೂಟರ್ ಪರೀಕ್ಷೆಯಲ್ಲಿ ಸಾಧ್ಯವಾದಷ್ಟು ಅವರೇ ಎನ್‌ವಿಡಿಎ ಹಾಕಿಕೊಂಡು ಬರೆಯಲಿ. ಕೆಲಸಕ್ಕೆ ಹೋದ ಮೇಲೆ ಬರೆದುಕೊಡುವವರು ಪಕ್ಕದಲ್ಲಿ ಇರುವುದಿಲ್ಲವಲ್ಲ.

ಕೆಲಸಕ್ಕೆ ಕಳಿಸುವುದು

ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆಸಿಕೊಂಡು ಕೈತೊಳೆದುಕೊಳ್ಳುವವರೇ ಬಹಳ. ನನಗೆ ಬಹಳ ಬೇಸರ ತರಿಸುವ ವಿಷಯ ಇದು. ಕಲಿತು ಮನೆಯಲ್ಲಿ ಕೂತವರನ್ನು ನೋಡಿ ಊರಿನವರು "ಕಲಿಸಿದ್ದು ವೇಸ್ಟ್" ಅನ್ನುತ್ತಾರೆ. ಆ ಮಾತು ಮುಂದೆ ಬರಬೇಕಿದ್ದ ಹತ್ತು ಜನರನ್ನು ತಡೆಯುತ್ತದೆ.

ಮನೆಯವರಿಂದ ಶುರು ಮಾಡಿ. "ಕೆಲಸಕ್ಕೆ ಹೋದ್ರೆ ಪಿಂಚಣಿ ನಿಂತುಹೋಗುತ್ತೆ" ಅನ್ನುವ ಭಯ ಎಲ್ಲ ಮನೆಯಲ್ಲೂ ಇರುತ್ತದೆ. ಮಾಸಾಶನಕ್ಕೆ ಆದಾಯದ ಮಿತಿ ಇರುವುದು ಹೌದು. ಆದರೆ ಕೆಲಸ ಸಿಕ್ಕಿತು ಅಂತ ಯುಡಿಐಡಿ ಕಾರ್ಡ್ ರದ್ದಾಗುವುದಿಲ್ಲ, ಮೀಸಲಾತಿ ಹೋಗುವುದಿಲ್ಲ. ಸಂಬಳ ಎಷ್ಟು, ಮಾಸಾಶನ ಎಷ್ಟು ಅಂತ ಅವರ ಮುಂದೆಯೇ ಕಾಗದದಲ್ಲಿ ಬರೆದು ತೋರಿಸಿ.

ಯಾವ ಕೆಲಸ? ಸರ್ಕಾರಿ ಹುದ್ದೆಗಳಲ್ಲಿ ಕೇಂದ್ರ ಕಾಯ್ದೆ ಕನಿಷ್ಠ ಶೇ 4 ಮೀಸಲಿಡಲು ಹೇಳುತ್ತದೆ: ದೃಷ್ಟಿ, ಶ್ರವಣ, ಚಲನೆಯ ತೊಂದರೆ ಇರುವವರಿಗೆ ಒಂದೊಂದು, ಉಳಿದ ಒಂದು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಇರುವವರಿಗೆ. ಬ್ಯಾಂಕ್ ಪರೀಕ್ಷೆ ಪಾಸಾಗಿ ಎನ್‌ವಿಡಿಎ ಹಾಕಿಕೊಂಡು ಕೆಲಸ ಮಾಡುವವರು ಈಗ ಬಹಳ ಜನ ಇದ್ದಾರೆ. ಅಂಗವಿಕಲರಿಗಾಗಿ ಬೆಂಗಳೂರಿನಲ್ಲಿ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ ಇದೆ, ಅಲ್ಲಿ ಹೆಸರು ನೋಂದಣಿ ಮಾಡಿಸಿ. ಖಾಸಗಿಯಲ್ಲಿ ಗ್ರಾಹಕ ಸೇವೆ, ಡೇಟಾ ಕೆಲಸ, ವಿನ್ಯಾಸ, ಸಾಫ್ಟ್‌ವೇರ್ ಪರೀಕ್ಷೆ ಎಲ್ಲವೂ ಇವೆ.

ಒಂದು ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವೆಬ್‌ಸೈಟ್, ಆ್ಯಪ್‌ಗಳನ್ನು ಅಂಗವಿಕಲರು ಬಳಸಬಹುದಾ ಅಂತ ಪರೀಕ್ಷಿಸುವುದೇ ಒಂದು ಉದ್ಯೋಗ. ಯುರೋಪಿನಲ್ಲಿ ಇದಕ್ಕೆಂದೇ ಮಾಡಿದ ಕಾಯ್ದೆ 2025ರ ಜೂನ್ 28ರಿಂದ ಜಾರಿಯಲ್ಲಿದೆ, ಹಾಗಾಗಿ ಅಲ್ಲಿಗೆ ಸಾಫ್ಟ್‌ವೇರ್ ಮಾಡಿಕೊಡುವ ಬೆಂಗಳೂರಿನ ಕಂಪನಿಗಳಿಗೂ ಈ ಕೆಲಸ ಗೊತ್ತಿರುವವರು ಬೇಕು. ನಮ್ಮಲ್ಲೂ ಐಎಸ್ 17802 ಅನ್ನುವ ಇದೇ ಬಗೆಯ ಮಾನದಂಡ ಇದೆ, 2025ರ ಜುಲೈನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನ್ನ ಅಡಿಯ ಸಂಸ್ಥೆಗಳಿಗೆಲ್ಲ ಡಿಜಿಟಲ್ ಸೇವೆಗಳನ್ನು ಅಂಗವಿಕಲರಿಗೂ ಒದಗುವಂತೆ ಮಾಡಿ ಅಂತ ಸುತ್ತೋಲೆ ಕಳಿಸಿದೆ. ದಿನಾ ಎನ್‌ವಿಡಿಎ ಬಳಸುವವರಿಗೆ ಇಲ್ಲಿ ಉಳಿದವರಿಗಿಲ್ಲದ ಅನುಭವ ಇದೆ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವವರು ಡಬ್ಲ್ಯೂಸಿಎಜಿ (ವೆಬ್‌ಸೈಟನ್ನು ಅಂಗವಿಕಲರೂ ಬಳಸುವಂತೆ ಮಾಡುವ ಅಂತರರಾಷ್ಟ್ರೀಯ) ನಿಯಮಗಳನ್ನು ಕಲಿಯಲಿ. ಅಮೆರಿಕದ ಗೃಹಭದ್ರತಾ ಇಲಾಖೆಯ ಟ್ರಸ್ಟೆಡ್ ಟೆಸ್ಟರ್ ಅನ್ನುವ ಆನ್‌ಲೈನ್ ಕೋರ್ಸ್ ಪುಕ್ಕಟೆ ಇದೆ.

ಅರ್ಜಿ ಹಾಕುವ ಮೊದಲು ಕಂಪನಿಯ ಸಮಾನ ಅವಕಾಶ ನೀತಿ ಹುಡುಕಿ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಕೂಡ ಅಂಗವಿಕಲರಿಗೆ ಯಾವ ಹುದ್ದೆ, ಯಾವ ಸೌಲಭ್ಯ, ಯಾರನ್ನು ಕೇಳಬೇಕು ಅಂತ ಈ ನೀತಿಯಲ್ಲಿ ಬರೆದು ಪ್ರಕಟಿಸಬೇಕು. ಅದರಲ್ಲಿ ಹೇಳಿರುವ ಸಂಪರ್ಕ ಅಧಿಕಾರಿಗೆ ಇಮೇಲ್ ಬರೆಯಲು ಕಲಿಸಿ, ಬರೆದುಕೊಡಬೇಡಿ. ಹೀಗೆ ಚುಟುಕಾಗಿ ಇರಲಿ: "ನನಗೆ ಕಣ್ಣು ಕಾಣುವುದಿಲ್ಲ. ನಾನು ಎನ್‌ವಿಡಿಎ ಬಳಸಿ ಎಕ್ಸೆಲ್, ಇಮೇಲ್ ಕೆಲಸ ಮಾಡುತ್ತೇನೆ. ನಿಮ್ಮ ಆನ್‌ಲೈನ್ ಪರೀಕ್ಷೆ ಸ್ಕ್ರೀನ್ ರೀಡರ್‌ನಲ್ಲಿ ತೆರೆಯುತ್ತದೆಯೇ, ಚಿತ್ರದ ಕ್ಯಾಪ್ಚಾ ಇದೆಯೇ ದಯವಿಟ್ಟು ತಿಳಿಸಿ." ಇದರಲ್ಲಿ ಕರುಣೆ ಕೇಳುವ ಮಾತು ಒಂದೂ ಇಲ್ಲ ನೋಡಿ. ಕಿವಿ ಕೇಳದವರು ಸಂದರ್ಶನಕ್ಕೆ ಸನ್ನೆಭಾಷೆಯ ದುಭಾಷಿ ಬೇಕು ಅಂತ ಮೊದಲೇ ಕೇಳಲಿ.

ಸಂದರ್ಶನದ ಅಭ್ಯಾಸದಲ್ಲಿ "ನೀವು ಹೇಗೆ ಕೆಲಸ ಮಾಡ್ತೀರಿ?" ಅನ್ನುವ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಮಾಡಿ ತೋರಿಸಲು ತಯಾರು ಮಾಡಿ. ಲ್ಯಾಪ್‌ಟಾಪ್ ತೆಗೆದು, ಎಕ್ಸೆಲ್‌ನಲ್ಲಿ ಒಂದು ಪಟ್ಟಿ ತೆರೆದು, ಸಾರ್ಟ್ ಮಾಡಿ, ಮೊತ್ತ ಹಾಕಿ, ಮೇಲ್ ಕಳಿಸಿ ತೋರಿಸಲಿ. ಎದುರಿಗೆ ಕೂತವರು ಸ್ಕ್ರೀನ್ ರೀಡರ್ ನೋಡಿಯೇ ಇರುವುದಿಲ್ಲ, ಅವರ ಅನುಮಾನ ಅಲ್ಲೇ ಕರಗುತ್ತದೆ.

ಮೊದಲ ತಿಂಗಳು

ಕೆಲಸ ಬಿಡುವವರು ಬಹುಪಾಲು ಮೊದಲ ತಿಂಗಳಲ್ಲೇ ಬಿಡುತ್ತಾರೆ, ಅದೂ ಕೆಲಸ ಬಾರದೆ ಅಲ್ಲ. ಬೆರಳೊತ್ತುವ ಹಾಜರಿ ಯಂತ್ರ ಒತ್ತಿದ್ದು ಆಯಿತೋ ಇಲ್ಲವೋ ಅಂತ ಪರದೆಯಲ್ಲಿ ಮಾತ್ರ ತೋರಿಸುತ್ತದೆ. ಲಿಫ್ಟಿನ ಬಟನ್ ನುಣುಪಾದ ಗಾಜು, ಎಷ್ಟನೇ ಮಹಡಿ ಅಂತ ತಿಳಿಯುವುದಿಲ್ಲ. ತರಬೇತಿಯ ವಿಡಿಯೋದಲ್ಲಿ ಕೆಳಗೆ ಅಕ್ಷರ ಇಲ್ಲ. ಸಂಬಳದ ಖಾತೆ ತೆರೆಯುವ ಆ್ಯಪ್ "ಕಣ್ಣು ಮಿಟುಕಿಸಿ" ಅನ್ನುತ್ತದೆ. ಈ ಕೊನೆಯದರ ಬಗ್ಗೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಅಂಗವಿಕಲರಿಗೆ ಬೇರೆ ವಿಧಾನ ಕೊಡಲು ನಿರ್ದೇಶನ ಕೊಟ್ಟಿದೆ. ಬ್ಯಾಂಕಿನವರಿಗೆ ಗೊತ್ತಿಲ್ಲದಿದ್ದರೆ ತೀರ್ಪಿನ ಪ್ರತಿ ಫೋನಿನಲ್ಲಿ ಇಟ್ಟುಕೊಂಡಿರಲಿ.

ಇವೆಲ್ಲ ಒಂದು ಫೋನ್ ಕಾಲ್, ಒಂದು ಮೇಲ್‌ನಲ್ಲಿ ಸರಿಹೋಗುವಂಥವು. ಹೊಸ ಜಾಗದಲ್ಲಿ ಕೇಳಲು ಹಿಂಜರಿದು, ಒಳಗೊಳಗೇ ನೊಂದು ಊರಿಗೆ ವಾಪಸ್ ಬಂದುಬಿಡುತ್ತಾರೆ. ಹಾಗಾಗಿ ಮೊದಲ ವಾರ ದಿನಾ ಸಂಜೆ, ಆಮೇಲೆ ತಿಂಗಳವರೆಗೆ ವಾರಕ್ಕೊಮ್ಮೆ ನೀವೇ ಫೋನ್ ಮಾಡಿ. ಕಿವಿ ಕೇಳದವರಾದರೆ ವಾಟ್ಸಾಪ್ ವಿಡಿಯೋದಲ್ಲಿ ಮಾತಾಡಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಇವತ್ತು ಯಾವ ಫೈಲ್ ತೆರೆಯೋಕೆ ಆಗ್ಲಿಲ್ಲ? ಊಟಕ್ಕೆ ಯಾರ ಜೊತೆ ಹೋದ್ರಿ? ಟಾಯ್ಲೆಟ್‌ಗೆ ದಾರಿ ಗೊತ್ತಾಯ್ತಾ?" ಅಂತ ಕೇಳಿ. ಏನು ತೊಂದರೆ ಅಂತ ಗೊತ್ತಾದ ಮೇಲೆ ಮೇಲಧಿಕಾರಿಗೆ ಅವರೇ ಬರೆಯಲಿ, ನೀವು ಓದಿ ತಿದ್ದಿಕೊಡಿ. ಕೇಳಿ, ನೆನಪಿಸಿ, ಆದರೂ ಏನೂ ಆಗದಿದ್ದರೆ ರಾಜ್ಯದ ಅಂಗವಿಕಲರ ಹಕ್ಕುಗಳ ಆಯುಕ್ತರಿಗೆ ದೂರು ಕೊಡಬಹುದು. ಆ ದೂರಿಗೆ ಮೊದಲು ಬರೆದ ಮೇಲ್‌ಗಳೇ ದಾಖಲೆ, ಅದಕ್ಕೇ ಬಾಯಿಮಾತಿನಲ್ಲಿ ಕೇಳಿದ್ದನ್ನೂ ಅದೇ ದಿನ ಒಂದು ಸಾಲಿನ ಮೇಲ್ ಆಗಿ ಕಳಿಸುವ ಅಭ್ಯಾಸವನ್ನು ಕ್ಲಾಸಿನಲ್ಲೇ ಮಾಡಿಸಿ.